ಅಜ್ಜಿ ಕಂಡಷ್ಟೇ ಬರೆದದ್ದು

ಒಂದಾನೊಂದು ಊರಿನಲ್ಲಿ, ರಾಜ ರಾಣಿಯರ ಕಾಲದಲ್ಲಲ್ಲ, ಮೊನ್ನೆ ಮೊನ್ನೆಯ ಕಾಲದಲ್ಲೇ, ಮೌನ ಕಂಡರೆ ಬೆಚ್ಚಿಬೀಳುವ ಒಂದು ಮನೆತನವಿತ್ತು. ಅವರು ಕ್ಷೌರದ ಅಂಗಡಿಯವರು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಹಿಂದಿನ ಬಾಗಿಲು ತೆಗೆದರೆ ಅಡುಗೆಮನೆ. ಅಂಗಡಿ ಹಾಕಿದ ಅಜ್ಜ ಕಣ್ಣು ಮುಚ್ಚುವ ಮೊದಲು ಮಗನಿಗೆ ಹೇಳಿಹೋದ ಗುಟ್ಟು ಒಂದೇ: ಕುರ್ಚಿಯಲ್ಲಿ ಕೂತವನು ಸುಮ್ಮನಾದ ಎಂದರೆ ಎಲ್ಲೋ ಕತ್ತರಿ ತಪ್ಪಿದೆ ಎಂಬ ಅನುಮಾನಕ್ಕೆ ಬಿದ್ದಿದ್ದಾನೆ. ಆ ಅನುಮಾನ ಬಲಿಯುವ ಮೊದಲೇ ಒಂದು ಮಾತು ಎಸೆ.

ಮಗ ಆ ಗುಟ್ಟನ್ನು ಚಾಚೂ ತಪ್ಪದೆ ಪಾಲಿಸಿದ. ಅವನ ಬಾಯಿ ದಣಿದಾಗ, ಬಾಗಿಲ ಪಕ್ಕದ ಮಣೆಯ ಮೇಲೆ ಕೂತು ಟವೆಲ್ ಮಡಚುವ ಅಜ್ಜಿ ಕಥೆಯ ಎಳೆ ಹಿಡಿಯುತ್ತಿದ್ದಳು. ಏಳು ಕಡಲಿನ ಆಚೆಯ ಗಿಳಿ, ಬಾವಿಯೊಳಗಿನ ಅರಮನೆ, ಅರ್ಧ ಗಡ್ಡದ ಮಂತ್ರಿ, ಒಂದೇ ಎರಡೇ. ಗಿರಾಕಿಗಳು ತಲೆ ಹಗುರ ಮಾಡಿಕೊಂಡು, ಕಿವಿ ಭಾರ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು.

ಈ ಮಾತಿನ ಮನೆಗೆ ಒಬ್ಬಳೇ ಮೊಮ್ಮಗಳು. ವಯಸ್ಸು ನಾಲ್ಕೂವರೆ. ನೋಡಲು ಕಾಳಷ್ಟು, ಬಾಯಿ ಮಾತ್ರ ಖಾರ ಎಂದು ಅಜ್ಜಿಯೇ ಅವಳಿಗೆ ಮೆಣಸು ಎಂದು ಅಡ್ಡಹೆಸರಿಟ್ಟಿದ್ದಳು. ಅಂಗಡಿಯ ಬಾಗಿಲು ಹಾಕಿದ್ದೇ ತಡ, ಮೆಣಸು ಕುರ್ಚಿ ಹತ್ತಿ, ಕೊರಳಿಗೆ ಟವೆಲ್ ಕಟ್ಟಿಕೊಂಡು, ಅವತ್ತು ಬಂದುಹೋದವರನ್ನೆಲ್ಲ ಕನ್ನಡಿಗೆ ಮತ್ತೆ ಕರೆತರುತ್ತಿದ್ದಳು. ಮೂಗಿನಲ್ಲಿ ಮಾತಾಡುವ ಅಂಚೆಯವನು ಬರುತ್ತಿದ್ದ. ಉಳಿದ ಹನ್ನೆರಡು ಕೂದಲಿಗೆ ಹನ್ನೆರಡು ಸಲಹೆ ಕೊಡುವ ಹಳೇ ಮೇಷ್ಟರು ಬರುತ್ತಿದ್ದರು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆದರೆ ನಿಜವಾದ ಅಂಚೆಯವನು ಹೊಸ್ತಿಲು ದಾಟಿದರೆ ಸಾಕು, ಮೆಣಸು ಅಜ್ಜಿಯ ಬೆನ್ನ ಹಿಂದೆ ಸೇರಿ, ಮಡಚಿಟ್ಟ ಟವೆಲುಗಳಲ್ಲಿ ಇನ್ನೊಂದು ಟವೆಲಿನಂತೆ ನಿಂತುಬಿಡುತ್ತಿದ್ದಳು. ಹೆಸರೇನು ಪುಟ್ಟಿ ಎಂದು ಅವನು ಕೇಳುತ್ತಿದ್ದ. ಹೆಸರನ್ನು ಅಜ್ಜಿ ಹೇಳುತ್ತಿದ್ದಳು. ಎಷ್ಟು ವರ್ಷ ಎಂದರೆ ವರ್ಷವನ್ನು ಅಪ್ಪ ಹೇಳುತ್ತಿದ್ದ. ಹಳೇ ಮೇಷ್ಟರಂತೂ ಇಷ್ಟು ಸಾಧು ಮಗುವನ್ನು ನಾನು ನೋಡೇ ಇಲ್ಲ ಎಂದು ಹೊಗಳಿ, ಅಜ್ಜಿಯ ಎದೆಯನ್ನು ಎರಡು ಅಂಗುಲ ಉಬ್ಬಿಸಿ ಹೋಗುತ್ತಿದ್ದರು.

ಬೆಳಗಿನ ಜಾವವೇ ಬ್ರೆಡ್ ಕಾರ್ಖಾನೆಯ ಕೆಲಸಕ್ಕೆ ಹೊರಡುವ ಸೊಸೆ ಮಾತ್ರ ಎರಡು ಸಲ ಬಾಯಿಬಿಟ್ಟಿದ್ದಳು. ಶಿಶುವಿಹಾರಕ್ಕೆ ಕಳಿಸಿದ ಡಬ್ಬಿ ತುಂಬಿದ ಹಾಗೇ ವಾಪಸ್ಸು ಬರುತ್ತದೆ, ಮಗು ಮನೆಗೆ ಬಂದವಳೇ ಬೂಟು ಸಮೇತ ಬಚ್ಚಲಿಗೆ ಓಡುತ್ತಾಳೆ, ಆಮೇಲೆ ಕಾರಣವಿಲ್ಲದೆ ಅರ್ಧ ಗಂಟೆ ಕೂಗಾಡುತ್ತಾಳೆ, ಇದೇನತ್ತೆ ಎಂದು. ಬಚ್ಚಲಿನ ಓಟಕ್ಕೆ ಮನೆಯಲ್ಲಿ ಎಕ್ಸ್‌ಪ್ರೆಸ್ ಗಾಡಿ ಎಂದು ಹೆಸರೇ ಬಿದ್ದಿತ್ತು, ನಡುವೆ ಎಲ್ಲೂ ನಿಲ್ಲೋದಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ಅಜ್ಜಿ ಸೊಸೆಯ ಮಾತನ್ನೂ ಆ ನಗುವಿನಲ್ಲೇ ತೇಲಿಸಿಬಿಟ್ಟಿದ್ದಳು.

"ನಿನ್ನ ಗಂಡನೂ ಚಿಕ್ಕವನಿದ್ದಾಗ ಹೀಗೇ ಇದ್ದ ಕಣೇ. ಈಗ ನೋಡು, ಬಾಯಿ ಮುಚ್ಚಿಸೋಕೆ ನಮ್ಮಿಬ್ಬರ ಕೈಲೂ ಆಗ್ತಿಲ್ಲ."

ಹೀಗಿರುವಾಗ ಒಂದು ಮಧ್ಯಾಹ್ನ ಶಿಶುವಿಹಾರದಿಂದ ಕರೆ ಬಂತು. ಅಜ್ಜಿ ಟವೆಲನ್ನು ಹೆಗಲ ಮೇಲೆಯೇ ಮರೆತು ಹೋದಳು. ಮೆಣಸು ಮೂಲೆಯಲ್ಲಿ ನಿಂತಿದ್ದಳು. ಲಂಗ ಒದ್ದೆ, ಕಾಲುಚೀಲ ಒದ್ದೆ. ಅಳುತ್ತಿರಲಿಲ್ಲ. ಅತ್ತಿದ್ದರೆ ಅಜ್ಜಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕಣ್ಣೆದುರು ಏನೂ ನಡೆದೇ ಇಲ್ಲ ಎನ್ನುವಂತೆ, ಎರಡು ಭುಜವನ್ನೂ ಕಿವಿಯವರೆಗೆ ಏರಿಸಿಕೊಂಡು, ಗೋಡೆ ನೋಡುತ್ತಿದ್ದಳು. ಟೀಚರಮ್ಮ ಅವಳಿಗೆ ಒಣಬಟ್ಟೆ ಹಾಕಿಸಿ, ಕಿಟಕಿಯ ಬಳಿ ಬಣ್ಣದ ಮರದ ತುಂಡುಗಳ ಮುಂದೆ ಕೂರಿಸಿ, ಅಜ್ಜಿಯನ್ನು ಪಕ್ಕಕ್ಕೆ ಕರೆದಳು.

"ಅಜ್ಜಿ, ಶಾಲೆಗೆ ಸೇರಿ ಆರು ತಿಂಗಳಾಯ್ತು. ಇವಳ ದನಿ ಹೇಗಿದೆ ಅಂತ ನನಗೆ ಗೊತ್ತೇ ಇಲ್ಲ."

ಅಜ್ಜಿ ತಮಾಷೆ ಎಂದುಕೊಂಡು ನಕ್ಕಳು. ಟೀಚರಮ್ಮ ನಗಲಿಲ್ಲ. ಬಚ್ಚಲಿಗೆ ಹೋಗಬೇಕು ಎಂದು ಕೇಳಲಾಗದೆ ಮಗು ದಿನವೂ ಮನೆ ಮುಟ್ಟುವ ತನಕ ತಡೆದುಕೊಳ್ಳುತ್ತಿದೆ, ಇವತ್ತು ಆಗಲಿಲ್ಲ ಎಂದಳು. ಯಾರಾದರೂ ನೋಡುತ್ತಿದ್ದರೆ ಊಟವೂ ಗಂಟಲಿಗಿಳಿಯುವುದಿಲ್ಲ ಎಂದಳು. ಹೊಸ ಜಾಗದಲ್ಲಿ ಮಕ್ಕಳು ನಾಲ್ಕು ದಿನ, ನಾಲ್ಕು ವಾರ ಸುಮ್ಮನಿರುವುದುಂಟು. ಆರು ತಿಂಗಳು ಎಂದರೆ ಯಾರಾದರೂ ತಿಳಿದವರು ನೋಡಬೇಕು. ಅದು ನಾಚಿಕೆಯೋ, ಹಠವೋ, ಭಯವೇ ಕಾಯಿಲೆಯಾಗಿದೆಯೋ, ಹೇಳುವುದಕ್ಕೆ ತಾನು ಡಾಕ್ಟರಲ್ಲ. ಹದಿನೈದನೇ ದಿನ ಆಸ್ಪತ್ರೆಗೆ ಮಕ್ಕಳ ಮನಸ್ಸಿನ ಡಾಕ್ಟರು ಬರುತ್ತಾರೆ. ಅಷ್ಟರೊಳಗೆ ಹದಿನಾಲ್ಕು ದಿನ ಮಗುವನ್ನು ನೋಡಿ ಬರೆದು ಕೊಟ್ಟರೆ ಅವರಿಗೆ ದಾರಿ ಸಿಗುತ್ತದೆ ಎಂದು ನಾಲ್ಕು ಹಾಳೆ ಕೈಗಿಟ್ಟಳು. ಹಾಳೆಯಲ್ಲಿ ಮೂರು ಅಂಕಣ: ಎಲ್ಲಿ, ಯಾರಿದ್ದರು, ಏನು ಕಂಡಿರಿ.

ಅಜ್ಜಿ ಹಾಳೆ ತಿರುಗಿಸಿ ನೋಡಿ, ಯಾಕೆ ಎಂದು ಬರೆಯುವ ಜಾಗ ಎಲ್ಲಿ ಎಂದು ಕೇಳಿದಳು.

"ಅದು ಬೇಡ ಅಜ್ಜಿ. ಕಂಡಷ್ಟೇ ಸಾಕು. ಬರೆದು ನೀವೇ ಡಾಕ್ಟರ ಕೈಗೆ ಕೊಡ್ತೀನಿ ಅಂತ ಮಾತು ಕೊಡ್ತೀರಾ?"

"ನಮ್ಮ ಮನೇಲಿ ಮಾತಿಗೇನು ಬರ ಟೀಚರಮ್ಮ. ಕೊಟ್ಟೆ, ತಗೊಳ್ಳಿ," ಎಂದಳು ಅಜ್ಜಿ.

ಕೊಟ್ಟದ್ದು ಸುಲಭವಾಯಿತು, ನಡೆಸಿಕೊಡುವುದು ಕಬ್ಬಿಣದ ಕಡಲೆಯಾಯಿತು. ಯಾಕೆ ಎನ್ನುವುದಿಲ್ಲದೆ ಅಜ್ಜಿ ಹುಟ್ಟಿನಿಂದ ಒಂದು ವಾಕ್ಯ ಆಡಿದವಳಲ್ಲ. ಗಿಳಿ ಯಾಕೆ ಹಾರಿತು, ಮಂತ್ರಿಯ ಗಡ್ಡ ಯಾಕೆ ಅರ್ಧವಾಯಿತು ಎನ್ನುವುದೇ ಅವಳ ಬಂಡವಾಳ. ಮೊದಲ ದಿನ ಆ ಅಂಕಣಗಳು ಸಾಲದೆ ಬೇರೊಂದು ಹಾಳೆಯ ಎರಡೂ ಬದಿ ತುಂಬ ಬರೆದಳು. ಕೆಲಸ ಮುಗಿಸಿ ಬಂದ ಸೊಸೆ ಓದಿದಳು. ಅದರಲ್ಲಿ ಒಬ್ಬ ರಾಜಕುಮಾರಿ, ಅವಳ ದನಿಯನ್ನು ಕದ್ದ ಒಂದು ಮೋಡ, ಆ ಮೋಡಕ್ಕೂ ಒಂದು ಹಳೆಯ ದುಃಖ. ಸೊಸೆ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಚೆನ್ನಾಗಿದೆ ಅತ್ತೆ. ಆದ್ರೆ ಇದ್ರಲ್ಲಿ ನನ್ನ ಮಗಳು ಎಲ್ಲಿದ್ದಾಳೆ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅಜ್ಜಿಗೆ ಹೆಚ್ಚು ನಾಟಿತು. ಎರಡು ಸಲ ಬಂದು ಹೇಳಿದ್ದವಳು ಇವಳೇ ಅಲ್ಲವೇ ಎಂದು ನೆನಪಾಯಿತು. ರಾಜಕುಮಾರಿಯನ್ನು ಮಡಚಿ ಡಬ್ಬದೊಳಗೆ ಹಾಕಿ, ಮಾರನೆಯ ದಿನದಿಂದ ಅಜ್ಜಿ ನೋಡಲು ಕೂತಳು.

ನೋಡಬೇಕಾದರೆ ಸುಮ್ಮನಿರಬೇಕು ಎನ್ನುವುದು ಎಪ್ಪತ್ತರ ಹತ್ತಿರದಲ್ಲಿ ಅವಳಿಗೆ ಹೊಸ ಪಾಠ. ಅಂಚೆಯವನು ಬಂದ. ಇವತ್ತು ಶಾಲೆಯಲ್ಲಿ ಏನು ಬಣ್ಣ ಹಚ್ಚಿದೆ ಎಂದು ಮೆಣಸನ್ನು ಕೇಳಿದ. ಅಜ್ಜಿ ಮಡಚುತ್ತಿದ್ದ ಟವೆಲಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎಣಿಸಿದಳು. ಒಂದು, ಎರಡು. ಎರಡಕ್ಕೆಲ್ಲ ಕತ್ತರಿ ನಿಲ್ಲಿಸದೆಯೇ ಮಗ, ನೀಲಿ ಹಚ್ಚಿದ್ದಾಳೆ ಎಂದ. ನಾಲ್ಕಕ್ಕೆ ಅಂಚೆಯವನೇ, ಆಕಾಶ ಇರಬೇಕು ಎಂದ. ಮುಗಿಯಿತು. ಪ್ರಶ್ನೆ ಒಂದು, ಉತ್ತರ ಕೊಟ್ಟವರು ಇಬ್ಬರು, ಕೇಳಿಸಿಕೊಂಡವಳು ಬೇರೆ. ಅಜ್ಜಿ ಆ ದಿನ ಮೊದಲ ಸಲ ಬೆನ್ನ ಹಿಂದೆ ತಿರುಗಿ ಮಗುವಿನ ಮುಖವನ್ನು ನೋಡಿದಳು. ಮೆಣಸು ತುಟಿ ಬಿಳಿಚುವಷ್ಟು ಬಿಗಿದಿದ್ದಳು. ಲಂಗದ ಅಂಚು ಮುಷ್ಟಿಯಲ್ಲಿ ಸುರುಳಿಯಾಗಿತ್ತು. ಹಠದ ಮಕ್ಕಳನ್ನು ಅಜ್ಜಿ ಕಂಡವಳು. ಮೊದಲ ಕ್ಷೌರಕ್ಕೆ ಬಂದು ಕುರ್ಚಿಯನ್ನೇ ಒದ್ದು ಉರುಳಿಸಿದ ಎಷ್ಟೋ ಮಕ್ಕಳನ್ನು ಕಂಡವಳು. ಹಠದ ಕಣ್ಣು ಜಗಳಕ್ಕೆ ಬರುತ್ತದೆ. ಈ ಕಣ್ಣು ನನ್ನನ್ನು ಬಿಡಿಸಿ ಎಂದು ಬೇಡುತ್ತಿತ್ತು.

ಮೂರನೇ ದಿನ: ಅಂಗಡಿ. ಗಿರಾಕಿ ಇಬ್ಬರು. ಮಾತಿಲ್ಲ, ತಲೆಯಾಡಿಸಿದ್ದೂ ಇಲ್ಲ. ನಾಲ್ಕನೇ ದಿನ: ಅಡುಗೆಮನೆ. ನಾನು, ಅವಳಮ್ಮ. ಒಂದು ಗಂಟೆ ಬಿಡದೆ ಮಾತು, ಹಾಡು. ಪಕ್ಕದ ಮನೆಯವಳು ಉಪ್ಪು ಕೇಳಲು ಬಂದಳು, ಹಾಡು ನಡುವೆಯೇ ನಿಂತಿತು. ಹೋದ ಮೇಲೆ ನಿಂತಲ್ಲಿಂದಲೇ ಮತ್ತೆ ಶುರು. ಆರನೇ ದಿನ: ಬಿದ್ದು ಮಂಡಿ ತರಚಿಕೊಂಡಳು. ಬೀದಿಯಲ್ಲಿ ಜನವಿತ್ತು. ದನಿ ತೆಗೆದು ಅಳಲಿಲ್ಲ. ಬಾಗಿಲು ಹಾಕಿದ ಮೇಲೆ ಅತ್ತಳು.

ಅಂದು ಮಂಡಿಗೆ ಔಷಧಿ ಹಚ್ಚುವಾಗ ಅಜ್ಜಿ ಏನೂ ಕೇಳಿರಲಿಲ್ಲ. ಮೆಣಸು ತಾನಾಗಿಯೇ ಹೇಳಿದ್ದಳು.

"ಮಾತು ಇರುತ್ತೆ ಅಜ್ಜಿ. ಇಲ್ಲಿ ಬಂದು ನಿಂತ್ಕೊಂಡ್ಬಿಡುತ್ತೆ," ಎಂದು ಗಂಟಲು ಮುಟ್ಟಿ ತೋರಿಸಿದಳು. ಆಮೇಲೆ, ಔಷಧಿ ತಣ್ಣಗಿದೆ, ಇನ್ನೂ ಹಚ್ಚು ಎಂದಳು.

ಏಳನೇ ದಿನ ವಾರದ ರಜೆ. ಹಾಳೆಗಳು ಮಗನ ಕಣ್ಣಿಗೆ ಬಿದ್ದವು. ಅವನು ಓದಿದ, ಕೆಂಪಾದ. ನಾಳೆ ಇಡೀ ಬೀದಿ ಏನೆಂದುಕೊಳ್ಳುತ್ತದೆ, ಅಂಗಡಿಯ ಬಾಗಿಲಿಗೇ ಬಂದು ಕೇಳುವುದಿಲ್ಲವೇ ಎಂದು ಶುರು ಮಾಡಿದವನು ಕೊನೆಗೆ ಒಳಗಿದ್ದದ್ದನ್ನು ಹೊರಗೆ ಹಾಕಿದ.

"ನನ್ನ ಮಗಳಿಗೆ ಹುಚ್ಚು ಅಂತ ನೀನೇ ಬರೆದು ಕೊಡ್ತೀಯಾ ಅಮ್ಮ?"

ಅಜ್ಜಿ ಮಗನನ್ನು ಗದರಲಿಲ್ಲ, ಕಥೆಯನ್ನೂ ಹೇಳಲಿಲ್ಲ.

"ಹೋದ ತಿಂಗಳು ಆ ಮೇಷ್ಟರ ತಲೆ ಹಿಂದೆ ದುಂಡಗೆ ಕಪ್ಪು ಮಚ್ಚೆ ಎದ್ದಿತ್ತಲ್ಲ, ಏನು ಮಾಡಿದೆ?"

"ಡಾಕ್ಟರಿಗೆ ತೋರಿಸಿ ಅಂದೆ."

"ಯಾವ ಕಾಯಿಲೆ ಅಂದೆ?"

"ಅದು ನನಗೆ ಹೇಗೆ ಗೊತ್ತಾಗುತ್ತೆ? ಅವರಿಗೆ ಕಾಣದ ಜಾಗ ಅಂತ ಹೇಳಿದೆ, ಅಷ್ಟೇ."

"ಮತ್ತೆ ನಾನೂ ಅಷ್ಟೇ ಬರೆದಿದ್ದೀನಿ ಕಣೋ. ಮೇಷ್ಟರ ತಲೆಗೆ ಇರೋ ಮರ್ಯಾದೆ ನಿನ್ನ ಮಗಳ ತಲೆಗೆ ಇಲ್ವಾ?"

ಅವನು ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದುಹೋದ. ಆದರೆ ಎಂಟನೇ ದಿನ ಮಗುವನ್ನು ಕರೆತರಲು ಅಜ್ಜಿಯ ಬದಲು ತಾನೇ ಹೊರಟ, ಬೇಕೆಂದೇ ಅರ್ಧ ಗಂಟೆ ಮೊದಲು. ಶಿಶುವಿಹಾರದ ಕಿಟಕಿಯಿಂದ ಏನು ನೋಡಿದನೋ, ಬಂದವನು ಕತ್ತರಿ ಹಿಡಿದು ಒಂದು ಇಡೀ ತಲೆಯನ್ನು ಮೌನವಾಗಿ ಮುಗಿಸಿದ. ಅಂಗಡಿ ಶುರುವಾದ ಮೇಲೆ ಹೀಗಾದದ್ದು ಅದೇ ಮೊದಲು. ಕುರ್ಚಿಯಲ್ಲಿದ್ದ ಅಂಚೆಯವನು ಗಾಬರಿಯಿಂದ ಕನ್ನಡಿಯಲ್ಲಿ ಎಡಗಿವಿ, ಬಲಗಿವಿ ಎರಡನ್ನೂ ತಿರುಗಿಸಿ ನೋಡಿಕೊಂಡು, ಎಲ್ಲಾದರೂ ಹೆಚ್ಚು ಕತ್ತರಿಸಿಬಿಟ್ಟೆಯಾ ಮಾರಾಯ ಎಂದು ಕೇಳಿದ. ಅಂದು ಸಂಜೆ ಮಗ ಹಾಳೆ ತೆಗೆದುಕೊಂಡು ತನ್ನ ಕೋಳಿಕಾಲಿನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ: ಶಿಶುವಿಹಾರ. ಹತ್ತು ಮಕ್ಕಳು. ಎಲ್ಲರೂ ಆಡ್ತಿದ್ರು. ಇವಳು ಆಡೋದನ್ನ ನೋಡ್ತಿದ್ಲು, ಕಾಲು ಮಾತ್ರ ಅವರ ಜೊತೆ ಕುಣೀತಿತ್ತು.

ಹನ್ನೊಂದನೇ ದಿನಕ್ಕೆ ಅಜ್ಜಿ ಒಂದು ಸಾಲು ಬರೆಯಲಾರದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಅವತ್ತು ಮಗು ಮನೆಯಲ್ಲಿದ್ದಷ್ಟು ಹೊತ್ತೂ ಅವಳು ಎಣಿಸಿದ್ದಳು. ಮಗುವಿಗೆ ಬಂದ ಪ್ರಶ್ನೆ ಹತ್ತೊಂಬತ್ತು. ಅದರಲ್ಲಿ ಹದಿಮೂರಕ್ಕೆ, ಟವೆಲು ಕಚ್ಚಿದ್ದರೂ, ಉತ್ತರ ಕೊಟ್ಟದ್ದು ತಾನೇ. ಪ್ರೀತಿಯಿಂದ ಕೊಟ್ಟದ್ದು. ಮಗುವಿಗೆ ಕಷ್ಟವಾಗದಿರಲಿ ಎಂದು ಕೊಟ್ಟದ್ದು. ಆದರೆ ಹಾಳೆಯಲ್ಲಿ ಯಾಕೆ ಎನ್ನುವುದಕ್ಕೆ ಜಾಗವಿರಲಿಲ್ಲ. ಉತ್ತರ ಕೊಟ್ಟವಳು ನಾನು, ಹದಿಮೂರು ಸಲ, ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದಳು.

ಹದಿನೈದನೇ ದಿನ ಅಂಗಡಿಗೆ ಬೀಗ ಹಾಕಿ, ಸೊಸೆ ಕಾರ್ಖಾನೆಗೆ ರಜೆ ಹಾಕಿ, ಎಲ್ಲರೂ ಆಸ್ಪತ್ರೆಗೆ ಹೋದರು. ಮಕ್ಕಳ ಮನಸ್ಸಿನ ಡಾಕ್ಟರು ಮೇಜಿನ ಹಿಂದೆ ಕೂರುವವರಲ್ಲ. ನೆಲದ ಚಾಪೆಯ ಮೇಲೆ, ಬೂಟು ಬಿಚ್ಚಿ, ಕಾಲು ಚಾಚಿ ಕೂತಿದ್ದರು. ಒಂದು ಕಾಲುಚೀಲಕ್ಕೆ ತೂತಿತ್ತು. ಮೆಣಸು ಅಮ್ಮನ ಸೆರಗಿಗೆ ಅಂಟಿಕೊಂಡು ಆ ತೂತನ್ನೇ ನೋಡಿದಳು. ಡಾಕ್ಟರು ಅವಳ ಹೆಸರು ಕೇಳಲಿಲ್ಲ, ವರ್ಷ ಕೇಳಲಿಲ್ಲ. ಮಣ್ಣಿನ ಪ್ರಾಣಿಗಳನ್ನು ಒಂದೊಂದಾಗಿ ಸಾಲು ನಿಲ್ಲಿಸುತ್ತ ಹೋದರು. ಕೋಣೆ ಸುಮ್ಮನಿತ್ತು. ಇಷ್ಟು ಉದ್ದದ ಮೌನಕ್ಕೆ ಮಗ ಮೇಲಿನ ಫ್ಯಾನನ್ನು ನೋಡಿದ, ತನ್ನ ಹತ್ತು ಬೆರಳನ್ನೂ ನೋಡಿಕೊಂಡ. ಅಜ್ಜಿಯ ನಾಲಿಗೆಯ ತುದಿಗೆ ಮೂರು ಕಥೆ ಬಂದು ಕೂತವು. ಬಹಳ ಹೊತ್ತಿನ ಮೇಲೆ ಮೆಣಸು ಸೆರಗು ಬಿಟ್ಟು, ಚಾಪೆಯ ಅಂಚಿಗೆ ಬಂದು, ಮಗುಚಿ ಬಿದ್ದಿದ್ದ ಒಂದು ಕತ್ತೆಯನ್ನು ಎತ್ತಿ ನಿಲ್ಲಿಸಿದಳು. ಮಾತಾಡಲಿಲ್ಲ.

ಇವತ್ತು ಇವಳನ್ನು ಮಾತಾಡಿಸುವ ಅವಸರ ತಮಗಿಲ್ಲ, ಕಿವಿಯ ಪರೀಕ್ಷೆ ಆಗಲಿ, ನಾಲ್ಕಾರು ಸಲ ಆಟವಾಡಲಿ, ಆಮೇಲೆ ಕಾಯಿಲೆಯ ಹೆಸರಿನ ಮಾತು ಎಂದರು ಡಾಕ್ಟರು. ಇಂಥ ಭಯದ ಮಕ್ಕಳನ್ನು ತಾವು ಎಷ್ಟೋ ಕಂಡದ್ದುಂಟು, ಬೈದರೆ ಬಿಗಿಯುತ್ತವೆ, ಆಮಿಷ ಒಡ್ಡಿದರೂ ಬಿಗಿಯುತ್ತವೆ, ಸಣ್ಣ ಸಣ್ಣ ಮೆಟ್ಟಿಲು ಇಟ್ಟುಕೊಟ್ಟರೆ ಇಳಿದು ಬರುತ್ತವೆ. ಇಷ್ಟು ಚಿಕ್ಕವಳಿದ್ದಾಗಲೇ ಕರೆತಂದದ್ದು ಒಳ್ಳೆಯದಾಯಿತು ಎಂದರು. ಸೊಸೆ ಗೋಡೆಯ ಬದಿಯ ಬಣ್ಣ ಹೋದ ಬೆಂಚಿನ ಮೇಲೆ ಕೂತು, ಕಣ್ಣೊರೆಸಿಕೊಂಡು, ಅತ್ತೆಯ ಮೊಣಕೈಯನ್ನು ಒಮ್ಮೆ ಒತ್ತಿದಳು.

"ಮನೆಯಲ್ಲಿ ಏನೇನು ಕಂಡಿರಿ? ಯಾರು ಹೇಳ್ತೀರಿ?" ಎಂದು ಡಾಕ್ಟರು ತಲೆ ಎತ್ತಿದರು.

ಮಗ ಅಮ್ಮನನ್ನು ನೋಡಿದ. ಸೊಸೆ ಅತ್ತೆಯನ್ನು ನೋಡಿದಳು. ಅಜ್ಜಿ ಕೆಮ್ಮಿ ಗಂಟಲು ಸರಿಮಾಡಿಕೊಂಡಳು, ಒಂದಾನೊಂದು ಎನ್ನುವ ಹಾಗೆ ಬಾಯಿಯನ್ನೂ ತೆರೆದಳು. ಆಮೇಲೆ ಬಾಯಿ ಮುಚ್ಚಿ, ಚೀಲದಿಂದ ನಾಲ್ಕು ಹಾಳೆಗಳನ್ನು ತೆಗೆದು, ಮೂಲೆ ಮಡಚಿದ್ದನ್ನು ಅಂಗೈಯಿಂದ ತೀಡಿ, ಕಷ್ಟಪಟ್ಟು ಮಂಡಿಯೂರಿ, ಡಾಕ್ಟರ ಕೈಯೊಳಗೆ ಇಟ್ಟಳು.