ಉಪ್ಪು ಬಿಟ್ಟ ಸರಸ್ವತಿಬಾಯಿ

ದೇವರಿಗೆ ಹರಕೆ ಹೊತ್ತವರನ್ನು ವಾಡಿಯ ಜನ ಬೇಕಾದಷ್ಟು ನೋಡಿದ್ದಾರೆ. ಟಿವಿ ಧಾರಾವಾಹಿಯನ್ನು ನಂಬಿ ಹರಕೆ ಹೊತ್ತವಳು ವೃಂದಾಳ ಅತ್ತೆ ಸರಸ್ವತಿಬಾಯಿ ಒಬ್ಬಳೇ ಇರಬೇಕು.

ಶುಕ್ರವಾರ ಸಂಜೆಯ ಆ ಧಾರಾವಾಹಿಯಲ್ಲಿ ಮಾಂತ್ರಿಕನೊಬ್ಬ ಒಬ್ಬ ತಾಯಿಯ ಮಗನನ್ನು ಕಲ್ಲು ಮಾಡಿಬಿಟ್ಟಿದ್ದ. ತಾಯಿ ಒಂದು ವರ್ಷದಿಂದ ದೇವಿಯ ಗುಡಿ ಸುತ್ತುತ್ತಲೇ ಇದ್ದಳು. ನಡುನಡುವೆ ಹಾವು, ಹೊಗೆ, ಸಾಬೂನಿನ ಜಾಹೀರಾತು. ಸರಸ್ವತಿಬಾಯಿ ಮಡಿಯಲ್ಲೇ ಕೂತು ನೋಡಿ ಅಳುತ್ತಿದ್ದಳು, ಪಕ್ಕದ ಮನೆಯ ಇಮಾಮ್ಬೀ ತನ್ನ ಮನೆಯಲ್ಲಿ ಅಳುತ್ತಿದ್ದಳು. ಮರುದಿನ ಇಬ್ಬರೂ ಗೋಡೆಯ ಆಚೀಚೆ ನಿಂತು ಆ ಮಾಂತ್ರಿಕನ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದರು.

ಅತ್ತೆ ಅಳುವುದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಮಾವ ತೀರಿಕೊಂಡಾಗ ಕಿರಿಯ ಮಗ ಸುಜಯ ಯಾರನ್ನೂ ಕೇಳದೆ ಅಪ್ಪನ ಕಣ್ಣು ದಾನ ಮಾಡಿದ. ಅಪ್ಪನೇ ಹಾಗೆ ಹೇಳಿದ್ದರು ಎಂದ. ಕಣ್ಣಿಲ್ಲದ ಮನುಷ್ಯ ವೈಕುಂಠದ ದಾರಿ ಹೇಗೆ ಹಿಡಿಯಬೇಕು ಎಂದು ಸರಸ್ವತಿಬಾಯಿ ಎದೆ ಬಡಿದುಕೊಂಡಳು. ಹದಿಮೂರನೇ ದಿನ, ನೆಂಟರೆಲ್ಲ ಕೇಳುವಂತೆ, ನಾನು ಕರೆಯುವವರೆಗೆ ಈ ಹೊಸ್ತಿಲು ತುಳಿಯಬೇಡ ಅಂದಳು. ಸುಜಯ ಶಹಾಬಾದಿನಲ್ಲಿ ಮನೆ ಮಾಡಿದ. ರೈಲಿನಲ್ಲಿ ಕೂತು ಒಂದು ಪೊಟ್ಟಣ ಶೇಂಗಾ ಮುಗಿಸುವಷ್ಟರಲ್ಲಿ ಬರುವ ಊರು ಅದು. ಆದರೂ ಇವಳು ಕರೆಯಲಿಲ್ಲ, ಅವನು ಬರಲಿಲ್ಲ. ಹಿರಿಯ ಮಗ, ಅಂದರೆ ವೃಂದಾಳ ಗಂಡ ವಿಠ್ಠಲ, ರಾವೂರಿನ ಶಾಲೆಯಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವ ಮಾಸ್ತರ. ಮನೆಗೆ ಬಂದರೆ ಮೌನವ್ರತ.

ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ಬೇಳೆ ಬಿಡುವ ಮನೆತನ. ಬಿಡುವುದು ಸರಸ್ವತಿಬಾಯಿಗೆ ಹೊಸದಲ್ಲ. ಯುಗಾದಿಯ ಮರುದಿನ ತುಳಸಿಯೆದುರು ನೀರು ಬಿಟ್ಟು ಸಂಕಲ್ಪ ಮಾಡಿದಳು. ಧಾರಾವಾಹಿಯ ತಾಯಿಗೆ ಮಗ ಸಿಗುವವರೆಗೆ ತಾನು ಉಪ್ಪು ಮುಟ್ಟುವುದಿಲ್ಲ. ಅವಳಿಗೆ ಸಿಕ್ಕ ದಿನ ತನಗೂ ಸಿಗುತ್ತಾನೆ. ಧಾರಾವಾಹಿ ತೆಗೆಯುವವರಿಗೆ ನಿಮ್ಮ ಉಪ್ಪಿನ ಸುದ್ದಿ ಗೊತ್ತಿಲ್ಲ ಎಂದು ವೃಂದಾ ನಗುತ್ತ ಹೇಳಿ ನೋಡಿದಳು. ಅತ್ತೆ ನಗಲಿಲ್ಲ.

ವೈಶಾಖದ ಬಿಸಿಲು ಬಂತು. ಮೈಯೊಳಗಿನ ಉಪ್ಪೆಲ್ಲ ಬೆವರಾಗಿ ಹೋಯಿತು. ಮೊದಲು ಕಾಲು ಸೆಳೆತ, ಆಮೇಲೆ ತಲೆಸುತ್ತು, ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದೇಬಿಟ್ಟಳು. ಉಪ್ಪು ತಿನ್ನದಿದ್ದರೆ ಜೀವ ಉಳಿಯುವುದು ಕಷ್ಟ ಎಂದರು ಡಾಕ್ಟರು. ಸಲೈನ್ ಹಚ್ಚಲು ಹೋದರೆ ಅದರಲ್ಲೂ ಉಪ್ಪಿರುತ್ತದೆ ಎಂದು ಕೈ ಎಳೆದುಕೊಂಡಳು.

ಆ ಶುಕ್ರವಾರವೇ ಧಾರಾವಾಹಿ ನಿಂತುಹೋಯಿತು. ಚಾನೆಲ್ಲಿನವರು ಹೇಳದೆ ಕೇಳದೆ ಅದರ ಜಾಗದಲ್ಲಿ ಹಾಡಿನ ಸ್ಪರ್ಧೆ ಹಾಕಿದರು. ಕಲ್ಲು ಕಲ್ಲಾಗಿಯೇ ಉಳಿಯಿತು. ಅತ್ತೆ ಒಳಗೆ ಮಂಪರಿನಲ್ಲಿ ಮಲಗಿದ್ದಳು. ವೃಂದಾಳಿಗೆ ದೇವಿಯ ಮೇಲೆ, ಗಂಡನ ಮೇಲೆ, ಶಹಾಬಾದಿನ ಮೈದುನನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಹಾಲು ತಂದವಳೇ ಅತ್ತೆಯ ಮಂಚದ ಬಳಿ ಹೋಗಿ, ನಿನ್ನೆ ಆ ತಾಯಿಗೆ ಮಗ ಸಿಕ್ಕ ಎಂದಳು. ದೇವಿಯ ಕುಂಕುಮ ಬಿತ್ತು, ಕಲ್ಲು ಬಿರಿಯಿತು, ಹುಡುಗ ಅವ್ವಾ ಎಂದ. ಹೇಳುತ್ತ ಹೇಳುತ್ತ ಅವಳ ಕಣ್ಣೇ ತುಂಬಿ ಬಂತು.

ಸರಸ್ವತಿಬಾಯಿ ಗೋಡೆ ಹಿಡಿದು ಎದ್ದಳು. ಸ್ನಾನ ಮಾಡಿದಳು, ಹುಳಿ ಮಾಡಿಸಿದಳು, ಎರಡು ಎಲೆ ಹಾಕಿಸಿ ಎರಡಕ್ಕೂ ಪದ್ಧತಿಯಂತೆ ಮೊದಲು ಉಪ್ಪು ಬಡಿಸಿದಳು. ಆದರೆ ಎಲೆಯ ಮುಂದೆ ಕೂರಲಿಲ್ಲ. ಸುಜಯ ದಾರಿಯಲ್ಲಿರುತ್ತಾನೆ, ಮಗನಿಗಿಂತ ಮೊದಲು ಹೇಗೆ ಉಣ್ಣಲಿ ಎಂದಳು. ಹನ್ನೆರಡಾಯಿತು, ಎರಡಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ವೃಂದಾಳ ಸ್ಥಿತಿ. ನಿನ್ನೆಯವರೆಗೆ ಸಪ್ಪೆ ಅನ್ನವಾದರೂ ಹೊಟ್ಟೆಗೆ ಹೋಗುತ್ತಿತ್ತು, ಈಗ ಅದೂ ಇಲ್ಲ.

ಕೊನೆಗೆ ಅತ್ತೆಯ ಎದುರು ಕೂತಳು. "ನಾ ಸುಳ್ಳು ಹೇಳೀನ್ರಿ. ಧಾರಾವಾಹಿ ನಿಂತುಹೋಗ್ಯಾದ. ಮಗ ಸಿಗಲೇ ಇಲ್ಲ."

"ಗೊತ್ತದ," ಅಂದಳು ಸರಸ್ವತಿಬಾಯಿ. "ನೀ ಹಾಲು ತರಲಿಕ್ಕ ಹೋದಾಗ ಇಮಾಮ್ಬೀ ಕಿಡಕ್ಯಾಗಿಂದ ಹೇಳಿ ಹೋದಳು."

ಹಾಗಾದರೆ ಈ ಸ್ನಾನ, ಈ ಎಲೆ ಎಲ್ಲ ಯಾಕೆ ಎಂದು ವೃಂದಾ ಕೇಳಿದಳು.

"ಮಗ ಅವ್ವಾ ಅಂದ ಅಂತ ನೀ ಹೇಳಲಿಕತ್ತಾಗ ಭಾಳ ಛಲೋ ಅನಸ್ತು. ಒಂದೆರಡು ತಾಸು ಅದರಾಗೇ ಇರಬೇಕು ಅನಸ್ತು." ಎಲೆಗಳ ಮೇಲೆ ಕೂರುತ್ತಿದ್ದ ನೊಣವನ್ನು ಸೆರಗಿನಿಂದ ಓಡಿಸಿದಳು. ಆಮೇಲೆ ಅಂದಳು: "ಶಹಾಬಾದಿಗೆ ಹೋಗು. ಅವ್ವ ಕರದಾಳ ಅಂತ ಹೇಳು. ಅವ ಬಂದು ಉಂಡ್ರ ನಾನೂ ಉಣ್ತೀನಿ."

ವೃಂದಾ ಮುಖವನ್ನೂ ತೊಳೆಯದೆ ಚಪ್ಪಲಿ ಮೆಟ್ಟಿದಳು. ಸುಜಯ ಬರುತ್ತಾನೆ ಎಂದು ಅವಳಿಗೆ ಧೈರ್ಯವಿರಲಿಲ್ಲ. ಹಟದಲ್ಲಿ ಅವನು ತಾಯಿಗೆ ತಕ್ಕ ಮಗ. ಬಾಗಿಲು ದಾಟುವಾಗ ಅತ್ತೆ ಹಿಂದಿನಿಂದ ಕರೆದಳು.

"ಅವ ಬರಲಿಲ್ಲಂದ್ರ ಬರಲಿಲ್ಲಂತೇ ಹೇಳು, ವೃಂದಾ. ಮತ್ತ ಸುಳ್ಳು ಹೇಳಬ್ಯಾಡ. ನಾ ಮತ್ತ ನಂಬ್ತೀನಿ."