ಪ್ಲಮ್ ಭರಣಿಯ ಚೀಟಿಗಳು

ಕಳೆದ ಭಾನುವಾರ ನಮ್ಮೂರಿನ ವಂಶಾವಳಿ ಸಂಘದವರು ವಕೀಲ ಫೋಲ್ಕ್‌ಮಾರ್ ಟೀಲೆಯವರ ನೆನಪಿಗೆ ಸಭೆ ಮಾಡಿದರು. ಮಾತಾಡಲು ನನ್ನನ್ನೂ ಕರೆದಿದ್ದರು. ವಕೀಲರ ಚೀಟಿಗಳನ್ನು ನೆರೆನೀರಿನಿಂದ ಕಾಯಲು ಒದ್ದಾಡಿದ ಹೆಂಗಸು ಎಂದು ಹನ್ನೊಂದು ವರ್ಷ ಈ ಊರಿನಲ್ಲಿ ಒಳ್ಳೆಯ ಹೆಸರು ಹೊತ್ತು ತಿರುಗಿದವಳು ನಾನು. ಹೇಳಲು ನಾಚಿಕೆಯಾಗುತ್ತದೆ.

ಟೀಲೆಯವರು ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದರು. ವಿಧವೆ ನಾನು, ಮಗಳು ಆನಿ ಕೆಳಗೆ. ಅವರಿಗೆ ವಾರವೆಲ್ಲ ಕೋರ್ಟು. ಭಾನುವಾರ ಸೈಕಲ್ ಹತ್ತಿ ವೆಸರ್ ನದಿಯ ಆಚೀಚಿನ ಹಳ್ಳಿಗಳಿಗೆ ಹೋಗಿ, ಚರ್ಚಿನ ಹಳೆಯ ದಫ್ತರಗಳಿಂದ ಯಾರು ಎಂದು ಹುಟ್ಟಿದರು, ಯಾರನ್ನು ಮದುವೆಯಾದರು, ಎಂದು ಸತ್ತರು ಎಂದು ಪೆನ್ಸಿಲ್ಲಿನಲ್ಲಿ ಬರೆದು ತರುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ದಪ್ಪ ಚೀಟಿ. ಸಾವಿರದ ಒಂಬೈನೂರ ಹದಿನಾಲ್ಕರಲ್ಲಿ ಯುದ್ಧಕ್ಕೆ ಹೊರಟಾಗ ಇಪ್ಪತ್ತೆರಡು ಪೆಟ್ಟಿಗೆಗಳನ್ನು ನಮ್ಮ ನೆಲಮಾಳಿಗೆಯಲ್ಲಿಟ್ಟರು.

“ಇವರೆಲ್ಲ ನಿಮ್ಮ ಸುಪರ್ದಿಗೆ, ಗೆರ್ಡಮ್ಮ. ಊಟ ಕೇಳಲ್ಲ, ಜಗಳ ಆಡಲ್ಲ. ಇಂಥ ಬಾಡಿಗೆದಾರ್ರು ನಿಮಗೆ ಇನ್ನೆಲ್ಲಿ ಸಿಗ್ತಾರೆ?” ಎಂದು ನಕ್ಕರು.

ಯುದ್ಧದ ನಡುವೆ ಟರ್ನಿಪ್ ಗೆಡ್ಡೆ ತಿಂದೇ ಬದುಕಿದ ಆ ಚಳಿಗಾಲದಲ್ಲಿ ಕಲ್ಲಿದ್ದಲು ಸಿಗಲಿಲ್ಲ. ಆನಿಗೆ ಎದೆ ಕಟ್ಟಿತ್ತು. ಒಂದು ಪೆಟ್ಟಿಗೆ ಚೀಟಿ ಒಲೆಗೆ ಹಾಕಿದೆ. ಆಮೇಲೆ ಇನ್ನೊಂದು. ಚಳಿ ಇಳಿಯುವಷ್ಟರಲ್ಲಿ ಒಂದೇ ಪೆಟ್ಟಿಗೆ ಉಳಿದಿತ್ತು, ಮಗಳು ಬದುಕಿದ್ದಳು. ಅದಕ್ಕೆ ನಾನು ತಲೆ ತಗ್ಗಿಸುವುದಿಲ್ಲ.

ಆದರೆ ಆ ಕೊನೆಯ ಪೆಟ್ಟಿಗೆ? ಯುದ್ಧ ಮುಗಿದ ಮರುವರ್ಷ ಪ್ಲಮ್ ಜಾಮ್ ಮಾಡಿದಾಗ ಭರಣಿಗಳಿಗೆ ಹೆಸರು ಹಚ್ಚಬೇಕಿತ್ತು. ವಕೀಲರ ಹತ್ತು ಚೀಟಿಗಳನ್ನು ನಾಲ್ಕು ನಾಲ್ಕು ತುಂಡು ಮಾಡಿ, ಖಾಲಿ ಬೆನ್ನಿನ ಮೇಲೆ ‘ಪ್ಲಮ್’ ಎಂದು ಬರೆದು, ಬರಹವಿದ್ದ ಮಗ್ಗುಲಿಗೆ ಹಾಲು ಸವರಿ ಗಾಜಿಗೆ ಅಂಟಿಸಿದೆ. ನಮ್ಮಲ್ಲಿ ಎಲ್ಲರೂ ಹಾಗೇ ಅಂಟಿಸುವುದು, ತೊಳೆದರೆ ಬಿಟ್ಟುಕೊಳ್ಳುತ್ತದೆ. ಮಿಕ್ಕ ಚೀಟಿಗಳೂ ಒಲೆಗೇ ಹೋದವು. ಆಗ ಚಳಿಯಿರಲಿಲ್ಲ, ಮಗಳಿಗೆ ಕಾಯಿಲೆಯಿರಲಿಲ್ಲ. ಬರೀ ಸೋಮಾರಿತನ.

ಇಪ್ಪತ್ತರಲ್ಲಿ ವಕೀಲರು ಶತ್ರುಗಳ ಸೆರೆಯಿಂದ ಬಂದರು, ಮೂಳೆ ಚಕ್ಕಳವಾಗಿ. ಟೋಪಿ ತೆಗೆಯುವ ಮೊದಲೇ ಪೆಟ್ಟಿಗೆ ಕೇಳಿದರು.

“ನದಿ ಉಕ್ಕಿ ನೆಲಮಾಳಿಗೆಗೆ ನೀರು ನುಗ್ತು ವಕೀಲ್ರೇ. ಎಷ್ಟು ಒದ್ದಾಡಿದ್ರೂ ಒಂದೂ ಉಳೀಲಿಲ್ಲ,” ಎಂದು ಕಣ್ಣೊರೆಸಿಕೊಂಡೆ. ಪಾಪ ಅನ್ನಿಸಿ ಒಂದು ಭರಣಿ ಜಾಮ್ ಕೈಗಿಟ್ಟೆ. ತುಂಬಿದ ಭರಣಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಖಾಲಿಯಾದ ಮೇಲೆ ಗಾಜಿನೊಳಗಿಂದ ಓದಬಹುದೆಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಬಾಗಿಲು ತಟ್ಟಿದರು. “ಗೆರ್ಡಮ್ಮ, ಆ ಜಾಮ್ ಇನ್ನೂ ಇದ್ಯಾ? ಆ ವರ್ಷದ್ದೇ ಬೇಕು.”

“ಅಯ್ಯೋ, ಇಷ್ಟು ಬೇಗ ಮುಗಿಸಿದ್ರಾ!”

“ಏನ್ ಮಾಡೋದು, ನಾಲಗೆ ಚಪಲ.”

ಎರಡು ವರ್ಷದಲ್ಲಿ ನಲವತ್ತೂ ಭರಣಿ ಒಯ್ದರು. ಬೀದಿಯ ಹೆಂಗಸರ ಮುಂದೆ ಅವರನ್ನು ಹೊಟ್ಟೆಬಾಕ ವಕೀಲ ಎಂದು ಆಡಿಕೊಂಡಿದ್ದೇನೆ. ಅವರು ಮತ್ತೆ ಸೈಕಲ್ ಹತ್ತಿ, ಮೊದಲ ಹಳ್ಳಿಯಿಂದ ಬರೆಯಲು ಶುರುಮಾಡಿದರು. ಈ ಮಾರ್ಚಿನಲ್ಲಿ ಮಳೆಯಲ್ಲಿ ನೆನೆದು ಬಂದವರು ಜ್ವರ ಹಿಡಿದು ತೀರಿಕೊಂಡರು.

ಸಭೆಯ ಹಿಂದಿನ ದಿನ ಅವರ ತಂಗಿ ಎಲ್ಫ್ರೀಡ ಕೋಣೆ ಖಾಲಿ ಮಾಡಲು ನನ್ನನ್ನು ಕರೆದಳು. ಮೇಜಿನ ಡ್ರಾಯರಿನಲ್ಲಿ ಹತ್ತು ಚೀಟಿ, ಒಂದೊಂದೂ ನಾಲ್ಕು ತುಂಡು ಜೋಡಿಸಿದ್ದು. ತಿರುಗಿಸಿ ನೋಡಿದೆ. ನನ್ನದೇ ಕೈಬರಹ: ಪ್ಲಮ್, ಪ್ಲಮ್, ಪ್ಲಮ್, ಪ್ಲಮ್.

“ಜಾಮ್ ಇಷ್ಟ ಅಂತಿದ್ರಲ್ಲ...” ಎಂದು ತೊದಲಿದೆ.

“ಯಾರು, ಅಣ್ಣಾನಾ? ಪ್ಲಮ್ ಅಂದ್ರೆ ಚಿಕ್ಕಂದಿನಿಂದ್ಲೂ ವಾಕರಿಕೆ ಅವನಿಗೆ. ಎಲ್ಲಾ ಅನಾಥಾಶ್ರಮಕ್ಕೆ ಕೊಟ್ಟು, ಖಾಲಿ ಭರಣಿ ವಾಪಸ್ ತರ್ತಿದ್ದ.”

ಮೊದಲ ಭರಣಿಯಲ್ಲೇ ನನ್ನ ಸುಳ್ಳು ಅವರಿಗೆ ಗೊತ್ತಾಗಿತ್ತು. ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಉಳಿದ ಭರಣಿಗಳ ಚೀಟಿಗಳನ್ನು ನಾನು ಅಂದೇ ತೊಳೆದು ತೆಗೆದು ಒಲೆಗೆ ಹಾಕುತ್ತಿದ್ದೆ. ಅದೂ ಅವರಿಗೆ ಗೊತ್ತಿತ್ತು. ನಾನು ಎಂಥವಳೆಂದು ಅಷ್ಟು ಸರಿಯಾಗಿ ಅಳೆದಿದ್ದರು.

ಸಭೆಯಲ್ಲಿ ಅಧ್ಯಕ್ಷರು ಟೀಲೆಯವರ ಇನ್ನೂ ಅಚ್ಚಾಗದ ಪುಸ್ತಕದ ಮುನ್ನುಡಿ ಓದಿದರು: ‘ನೀರು ಪಾಲಾದ ಚೀಟಿಗಳಲ್ಲಿ ಹತ್ತು ನನ್ನ ಕೈ ಸೇರಿದ್ದು ಗೆರ್ಡಾ ವೋಲ್‌ಪರ್ಸ್ ಅವರಿಂದ. ಅವರಿಗೆ ಕೃತಜ್ಞ.’ ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಆನಿ ಹೆಮ್ಮೆಯಿಂದ ನನ್ನತ್ತ ನೋಡುತ್ತಿದ್ದಳು.

ಎದ್ದು ನಿಂತೆ. “ನೀರು ಬಂದಿರ್ಲೇ ಇಲ್ಲ,” ಎಂದೆ.

ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅದು ನಿಲ್ಲುವವರೆಗೆ ಕಾದು, ಎರಡನೆಯ ಸಲ ಗಟ್ಟಿಯಾಗಿ ಹೇಳಬೇಕಾಯಿತು.