ಒಂದೇ ಆಟ, ದೇವಾಪುರದಲ್ಲಿ

ಕತ್ತು ಎಡಕ್ಕೆ ವಾಲುತ್ತಲೇ ಇತ್ತು. ಭಾಗಣ್ಣ ದೊಡ್ಡಪ್ಪನ ಎರಡೂ ಭುಜ ಹಿಡಿದು ಕೂತಿದ್ದ. ನೆರೆಮನೆಯ ದೇವಕಮ್ಮ ಗದ್ದಕ್ಕೆ ಕಟ್ಟಿದ ಬಟ್ಟೆಯ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಈಗ ನೆಟ್ಟಗಾಯಿತು. ಹಣೆಗೆ ಮೂರು ಬೆರಳಿನ ವಿಭೂತಿ, ತಲೆಗೆ ಹಳದಿ ರುಮಾಲು, ಕೊರಳಿಗೆ ಚೆಂಡುಹೂವಿನ ಹಾರ. ಮರಿಲಿಂಗಪ್ಪ ಪಡಸಾಲೆಯ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಚಕ್ಕಳಮಕ್ಕಳ ಹಾಕಿ ಕೂತ.

"ಥೇಟ್ ಬಂಡ್ಯಾಗ ಕುಂತಂಗ ಕುಂತಾನ ನೋಡವ್ವ," ಅಂದಳು ದೇವಕಮ್ಮ. ಅಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆದದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

ಮಲ್ಲಿಕಮ್ಮ ಗಂಡನ ಮುಂದೆ ಕೂತು ಬಾಗಿಲ ಕಡೆ ನೋಡುತ್ತಿದ್ದಳು. ಮೂರು ದಿನ ಜ್ವರ, ಎದೆಯಲ್ಲಿ ಕಫ. ನಾಲ್ಕನೆಯ ದಿನ ಕೋಳಿ ಕೂಗುವ ಹೊತ್ತಿಗೆ ಜೀವ ಹೋಗಿತ್ತು. ಊರೂರಿಗೆ ಕೇಳುವಂಥ ಗಂಟಲಿದ್ದ ಮನುಷ್ಯ, ಕೊನೆಗೆ ಅವಳು ಕಿವಿ ಬಾಯಿಗೆ ಹಚ್ಚಿದರೆ ಮಾತ್ರ ಕೇಳುವಷ್ಟು ಸಣ್ಣದಾಗಿ ಒಂದೇ ಮಾತು ಕೇಳಿದ್ದ: "ಅಯ್ಯಣ್ಣ ಬಂದಾನೇನ?"

ಅಯ್ಯಣ್ಣ ಅಂದರೆ ಮಲ್ಲಿಕಮ್ಮನ ಬೆನ್ನಿಗೆ ಬಿದ್ದ ತಮ್ಮ. ಬೋನಾಳದಲ್ಲಿ ಕೆರೆಯ ಮೀನು ಹಿಡಿದು ಬದುಕುವವನು. ಹೆಂಡತಿಯ ತವರಿನವರು ಹೊಸ ಬಟ್ಟೆ ತಂದು ಹೊದಿಸದೆ ಗಂಡನ ಹೆಣ ಏಳುವುದಿಲ್ಲ, ಅದು ಪದ್ಧತಿ. ತವರಲ್ಲಿ ಉಳಿದಿರುವುದು ಅವನೊಬ್ಬನೇ.

"ಸೈಕಲ್ ತಗೊಂಡು ಹೋಗು ಭಾಗಣ್ಣ," ಅಂದಳು ಮಲ್ಲಿಕಮ್ಮ. "ನಿಮ್ಮ ದೊಡ್ಡಪ್ಪ ಹೋದ ಅಂತ ಹೇಳು. ಹೆಚ್ಚು ಮಾತಾಡಬ್ಯಾಡ."

ಭಾಗಣ್ಣ ಎದ್ದ. ಬಾಗಿಲಲ್ಲಿ ನಿಂತು, "ನಂಬ್ತಾನಂತೀಯೇನ ದೊಡ್ಡವ್ವ?" ಅಂದ.

ಅವಳು ಗಂಡನ ಕೊರಳ ಹಾರ ಸರಿಮಾಡಿದಳು.

*

ಸುಲ್ತಾನಸಾಬನ ಪಿಚ್ಚರಿನ ಡೇರೆ ಮಳೆಗಾಲವೊಂದು ಬಿಟ್ಟು ಉಳಿದ ದಿನವೆಲ್ಲ ಸುರಪುರ, ಶಹಾಪುರ, ಯಾದಗಿರಿ ಎಂದು ತಿರುಗುತ್ತಿತ್ತು. ಹೈದರಾಬಾದಿನಲ್ಲಿ ಮಾತಾಡುವ ಪಿಚ್ಚರು ಬಂದು ಎಷ್ಟೋ ವರ್ಷವಾಗಿತ್ತು. ಸುಲ್ತಾನಸಾಬನ ಹತ್ತಿರ ಇದ್ದವು ಮಾತಿಲ್ಲದ ಹಳೆಯ ರೀಲುಗಳು, ಕೈಯಿಂದ ತಿರುವುವ ಒಂದು ಮಷೀನು. ದೊಡ್ಡ ಊರುಗಳಲ್ಲಿ ಓಡಿ ಓಡಿ ಸವೆದ ಆ ರೀಲುಗಳ ಮೊದಲ ತುಂಡೇ ಹರಿದುಹೋಗಿರುತ್ತಿತ್ತು. ಯಾವ ಪಿಚ್ಚರಿಗೂ ಹೆಸರಿರಲಿಲ್ಲ.

ಹೆಸರಿಡುವುದು ಮರಿಲಿಂಗಪ್ಪನ ಕೆಲಸ. ರೀಲನ್ನು ಒಂದು ಮೊಳ ಬಿಚ್ಚಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಕಪ್ಪಗೆ ಏನು ಕಂಡರೂ ಅದು ದೆವ್ವ. ಬಂಡಿ ಕಟ್ಟಿ, ಮುಂದೆ ಭಾಗಣ್ಣನನ್ನು ಹಲಗೆ ಬಡಿಯಲು ಕೂರಿಸಿ ಊರೂರು ಸಾರುತ್ತಿದ್ದ: "ಬರ್ರೆಪ್ಪೋ ಬರ್ರಿ! 'ರಕ್ತ ಕುಡಿಯೋ ಬಾವಿ'! ಗುಂಡಿಗಿ ಗಟ್ಟಿ ಇದ್ದವ್ರು ಬರ್ರಿ, ಬಸುರಿ ಹೆಣ್ಮಕ್ಕಳು ಮನ್ಯಾಗಿರ್ರಿ!"

ಜನ ಕೂರಲು ಗೋಣಿತಟ್ಟು ಹಿಡಿದು ಬರುತ್ತಿದ್ದರು. ಪರದೆಯ ಮೇಲೆ ಒಬ್ಬ ದಪ್ಪ ಮನುಷ್ಯ ಬಾವಿಗೆ ಬೀಳುತ್ತಿದ್ದ. ಹಗ್ಗ ಹಾಕಿ ಎತ್ತುತ್ತಿದ್ದರು. ಮತ್ತೆ ಬೀಳುತ್ತಿದ್ದ. ಅಷ್ಟೇ ಪಿಚ್ಚರು. 'ಹುಣಸೀಮರದ ಹೆಣ್ಣು' ಎಂಬುದರಲ್ಲಿ ಹುಣಸೆಮರವೂ ಇರಲಿಲ್ಲ. ಅತ್ತೆ ಸೊಸೆ ಜಗಳವಾಡಿ, ಕೊನೆಗೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಆದರೆ ಪರದೆಯ ಪಕ್ಕ ಕೋಲು ಹಿಡಿದು ನಿಂತ ಮರಿಲಿಂಗಪ್ಪ ಸುಮ್ಮನಿರಬೇಕಲ್ಲ. "ನೋಡ್ರಿ, ಸೊಸಿ ನಗಾಕತ್ತಾಳ. ನಗಲಿ! ಪಾಪ, ತನ್ನ ಹಿಂದ ಯಾರು ನಿಂತಾರ ಅಂತ ಆಕೀಗೆ ಗೊತ್ತಿಲ್ಲ," ಅನ್ನುತ್ತಿದ್ದ. ಜನವೆಲ್ಲ ಸೊಸೆಯ ಹಿಂದೆ ಹುಡುಕುತ್ತಿದ್ದರು. ಅಲ್ಲಿ ಯಾರೂ ಕಾಣದಿದ್ದರೆ ನಿಧಾನಕ್ಕೆ ತಮ್ಮ ತಮ್ಮ ಬೆನ್ನ ಹಿಂದೆ ತಿರುಗಿ ನೋಡುತ್ತಿದ್ದರು.

ರೀಲು ಮುಗಿದು ಪರದೆ ಬೆಳ್ಳಗಾದರೂ ಯಾರೂ ಏಳುತ್ತಿರಲಿಲ್ಲ. "ಕುಂಡ್ರೋ, ದೆವ್ವ ಇನ್ನೂ ಬರೂದೈತಿ," ಎಂದು ಒಬ್ಬರನ್ನೊಬ್ಬರು ಜಗ್ಗಿ ಕೂರಿಸುತ್ತಿದ್ದರು. ಸುಲ್ತಾನಸಾಬ ಡೇರೆಯ ಹಗ್ಗ ಬಿಚ್ಚಿದ ಮೇಲೆಯೇ ಬೈಯುತ್ತಾ ಏಳುವುದು. ಬೈದವರೇ ಮುಂದಿನ ಸಲವೂ ಬರುವುದು.

"ಎಷ್ಟಂತ ಸುಳ್ಳ ಹೇಳ್ತಿ? ನಿನಗ ಬೈದ್ರ ನನಗ ಬೈದಂಗ," ಎಂದು ಮಲ್ಲಿಕಮ್ಮ ಜಗಳ ತೆಗೆಯುತ್ತಿದ್ದಳು.

"ಹುಚ್ಚಿ, ಅಂಜಿಕಿ ಪಿಚ್ಚರದಾಗ ಎಲ್ಲಿರ್ತೈತಿ? ಮನಿಯಿಂದ ಡೇರೆತನಕ ಬರೂ ದಾರ್ಯಾಗ ಇರ್ತೈತಿ. ಅದನ್ನ ನಾ ಪೂರಾ ಕೊಟ್ಟೀನಿ," ಅನ್ನುತ್ತಿದ್ದ ಅವನು, ರೊಟ್ಟಿ ಮುರಿಯುತ್ತಾ.

*

ಹೊತ್ತು ಮಾರುದ್ದ ಏರಿದಾಗ ಸುಲ್ತಾನಸಾಬ ಬಂದ. ಚಪ್ಪಲಿ ಬಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ಗೆಳೆಯನ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತ.

"ಹದಿನಾರು ವರ್ಷ ನನ್ನ ಡೇರೆದಾಗ ದೆವ್ವ ಕರದಾನವ್ವ," ಅಂದ ಮಲ್ಲಿಕಮ್ಮನಿಗೆ. "ಒಂದಾದ್ರೂ ಬಂತೇನು? ಒಂದೂ ಬರಲಿಲ್ಲ. ಅಂಥಾ ಪುಣ್ಯವಂತ." ನಗಲು ಹೋದವನು ಮುಖ ತಿರುಗಿಸಿದ. ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ.

ಕಟ್ಟೆಯ ಮೇಲೆ ಇದ್ದವರು ದೇವಾಪುರದ ಆ ಓಣಿಯ ಏಳೆಂಟು ಮಂದಿ. ಸುರಪುರದಿಂದ ಯಾರೂ ಬಂದಿರಲಿಲ್ಲ. ಸುಲ್ತಾನಸಾಬನೇ ಸಂತೆಯಲ್ಲಿ ಹೇಳಿ ಬಂದಿದ್ದ. ಅವನು ಹೇಳಿದ್ದಕ್ಕೇ ಜನ ಇನ್ನಷ್ಟು ನಕ್ಕಿದ್ದರು. ಡೇರೆಯ ಧಣಿಯೇ ಬಂದು, ಮರಿಲಿಂಗಪ್ಪ ಸತ್ತ ಅಂದರೆ ಯಾರು ನಂಬುತ್ತಾರೆ?

ಅಷ್ಟರಲ್ಲಿ ಭಾಗಣ್ಣನ ಸೈಕಲ್ ಬಂತು. ಹಿಂದೆ ಯಾರೂ ಇರಲಿಲ್ಲ.

"ಬರಂಗಿಲ್ಲಂತ ದೊಡ್ಡವ್ವ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಚಾವಡಿ ಮುಂದ ಹೇಳಿದೆ. 'ಯಾವ ಪಿಚ್ಚರಪಾ ಈ ಸಲ' ಅಂತ ನಕ್ಕರು. ಅಯ್ಯಣ್ಣ ಮಾವ ಕೆರಿ ಒಡ್ಡಿನ ಮ್ಯಾಲ ಬಲಿ ಹೆಣೀತಿದ್ದ. ತಲಿ ಸುದ್ದಾ ಎತ್ತಲಿಲ್ಲ. 'ಮೂರು ವರ್ಷದ ಹಿಂದ ಹಲಗಿ ಬಡದಾಂವನೂ ನೀನ ಅಲ್ಲೇನೋ' ಅಂದ. ಆಣಿ ಮಾಡಿದೆ, ದೊಡ್ಡವ್ವ. 'ನಿಮ್ಮ ದೊಡ್ಡಪ್ಪ ನಿನಗ ಛಲೋ ಕಲಿಸ್ಯಾನ' ಅಂದ."

*

ಮೂರು ವರ್ಷದ ಹಿಂದಿನ ಪಿಚ್ಚರಿಗೆ ಮರಿಲಿಂಗಪ್ಪ 'ಸತ್ತವನ ಸವಾರಿ' ಎಂದು ಹೆಸರಿಟ್ಟಿದ್ದ. ಬರೀ ಹಲಗೆ ಸಾಲದೆಂದು ತಾನೇ ಹೆಣವಾದ. ವಿಭೂತಿ, ಹೂವಿನ ಹಾರ, ಗದ್ದಕ್ಕೆ ಬಟ್ಟೆ. ಬಂಡಿಯ ಮೇಲೆ ಕಣ್ಣು ಮುಚ್ಚಿ ಕೂತು ಸುರಪುರದ ಸಂತೆಯ ನಡುವೆ ಮೆರೆದ. ಬೋನಾಳದ ಯಾರೋ ದೂರದಿಂದ ನೋಡಿ, ನಿಂತು ಕೇಳದೆ, ಊರಿಗೆ ಸುದ್ದಿ ಒಯ್ದರು.

ಅಯ್ಯಣ್ಣ ಚಿಕ್ಕವನಿದ್ದಾಗ ಅಕ್ಕನ ಮನೆಯಲ್ಲೇ ಬೆಳೆದವನು. ಈಜು ಕಲಿತದ್ದು ಮಾವ ಎಂದು ಕರೆಯುತ್ತಿದ್ದ ಅಕ್ಕನ ಗಂಡನ ಹೆಗಲ ಮೇಲೆ ಕೂತು. ಅವನು ಹೊಸ ಬಟ್ಟೆಯೊಂದನ್ನು ಬಗಲಲ್ಲಿ ಹಿಡಿದು, ಬರಿಗಾಲಲ್ಲಿ, ಅಳುತ್ತಾ ಓಡಿಬಂದ. ಸಂತೆಯ ಮಂದಿಯನ್ನು ಸೀಳಿಕೊಂಡು ಬಂಡಿಯ ಗಾಲಿ ತಬ್ಬಿಕೊಂಡು, "ಮಾವಾ, ನನಗ ಹೇಳದ ಹೋದೆಲ್ಲೋ" ಎಂದು ಗಾಲಿಗೆ ಹಣೆ ಬಡಿದುಕೊಂಡ.

ಆಗ ಮರಿಲಿಂಗಪ್ಪನ ತುಟಿಯ ಮೇಲೆ ಒಂದು ನೊಣ ಹರಿದಾಡುತ್ತಿತ್ತು. ತಡೆಯಲಾರದೆ ಫೂ ಎಂದು ಊದಿದ. ಒಂದು ಕಣ್ಣು ತೆರೆದ. "ಅಳಬ್ಯಾಡೋ ಅಯ್ಯಣ್ಣ. ಸಂಜಿಗೆ ಆಟ ಐತಿ, ಬಾ."

ಸಂತೆಗೆ ಸಂತೆಯೇ ನಕ್ಕಿತು. ಅಯ್ಯಣ್ಣ ಎದ್ದು ನಿಂತ. ಬಟ್ಟೆಯನ್ನು ಮಾವನ ತೊಡೆಯ ಮೇಲೆ ಇಟ್ಟ. "ನಿನ್ನ ಹೆಣದ ಬಟ್ಟಿ ತಂದೀನಿ. ನನ್ನ ಕೆಲಸ ತೀರಿತು. ಇನ್ನ ನೀ ಖರೇನ ಸತ್ರೂ ನಾ ಬರಂಗಿಲ್ಲ."

ಅಂದಿನಿಂದ ನಾಗರಪಂಚಮಿಗೆ ಅಕ್ಕನನ್ನು ಕರೆಯಲೂ ಅವನು ಬರಲಿಲ್ಲ. ಮರಿಲಿಂಗಪ್ಪ ಎರಡು ಸಲ ಬೋನಾಳಕ್ಕೆ ಹೋಗಿ ಅವನ ಹೊಸ್ತಿಲ ಹೊರಗೆ ಕೂತು ಬಂದ. ಅಯ್ಯಣ್ಣ ಕುಡಿಯಲು ನೀರು ಕೊಟ್ಟ, ಮಾತು ಕೊಡಲಿಲ್ಲ. ಆಮೇಲೆ ಮರಿಲಿಂಗಪ್ಪ ಹೆಣವಾಗಿ ಬಂಡಿ ಏರಲಿಲ್ಲ. ದೆವ್ವದ ಹೆಸರುಗಳನ್ನು ಮಾತ್ರ ಬಿಡಲಿಲ್ಲ.

*

"ಆವತ್ತಿನ ಬಟ್ಟಿ ಪೆಟ್ಟಿಗ್ಯಾಗ ಐತೆಲ್ಲವ್ವ," ಅಂದಳು ದೇವಕಮ್ಮ ಮೆಲ್ಲಗೆ. "ಅದನ್ನ ಹೊಚ್ಚೂನು. ಹೊತ್ತು ಏರಾಕತ್ತೈತಿ."

"ಅದು ಸುಳ್ಳ ಸಾವಿಗೆ ತಂದದ್ದು," ಅಂದಳು ಮಲ್ಲಿಕಮ್ಮ. "ಖರೇ ಸಾವಿಗೆ ಬ್ಯಾರೆ ಬೇಕು."

ಅವಳು ಎದ್ದು ಅಟ್ಟದ ಮೇಲಿದ್ದ, ಬಂಡಿಯಲ್ಲಿ ಬಡಿಯುವ ಹಲಗೆ ಇಳಿಸಿದಳು. ದೂಳು ಕೊಡವಿ ಭಾಗಣ್ಣನ ಮುಂದೆ ಇಟ್ಟಳು.

"ಖರೇ ಹೇಳಿದಿ, ಅದಕ್ಕ ನಂಬಲಿಲ್ಲ. ಈಗ ಬಂಡಿ ಹೂಡು. ಮೊದಲ ಸುರಪುರ, ಆಮ್ಯಾಲ ಬೋನಾಳ. ಇವತ್ತು ಹಗಲಾಟ ಅನ್ನು, ದೇವಾಪುರದಾಗ ಅನ್ನು. ಒಂದ ಆಟ, ಮತ್ತ ತೋರಸಂಗಿಲ್ಲ ಅನ್ನು."

"ದೊಡ್ಡವ್ವ…"

"ಪಿಚ್ಚರಿನ ಹೆಸರು…" ಇಷ್ಟು ವರ್ಷದಲ್ಲಿ ಅವಳು ಒಂದಕ್ಕೂ ಹೆಸರಿಟ್ಟಿರಲಿಲ್ಲ. ಗೋಡೆಗೊರಗಿದ ಗಂಡನನ್ನು ನೋಡಿದಳು. "'ಕಣ್ಣ ತೆಗೀಲಾರದ ಹೆಣ' ಅನ್ನು."

"ಅಯ್ಯಣ್ಣ ಮಾವ ಪಿಚ್ಚರ್ ನೋಡಾಕ ಬಂದಾನೇನು?"

"ನೋಡಾಕ ಬರಂಗಿಲ್ಲ. ಬೈಯಾಕ ಬರ್ತಾನ. ಬೈಯಾಕರ ಬರ್ಲಿ."

ಕಟ್ಟೆಯ ಮೇಲಿಂದ ಸುಲ್ತಾನಸಾಬ ಎದ್ದ. "ಹೂಡಪಾ ಭಾಗಣ್ಣ. ಎತ್ತು ನಾ ಹೊಡೀತೀನಿ."

*

ನೆರಳು ಬಾಗಿಲು ದಾಟುವ ಹೊತ್ತಿಗೆ ಜನ ಬರತೊಡಗಿದರು. ಸುರಪುರದವರು, ಬೋನಾಳದವರು, ದಾರಿಯ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದವರು. ಬಗಲಲ್ಲಿ ಗೋಣಿತಟ್ಟು, ಸೆರಗಿನಲ್ಲಿ ಹುರಿದ ಶೇಂಗಾ. ನಗುತ್ತಾ ಓಣಿಗೆ ಹೊಕ್ಕವರು ಅಂಗಳದಲ್ಲಿ ಬೆಂಕಿ, ಅದರ ಮೇಲೆ ಸಾವಿನ ಮನೆಯಲ್ಲಿ ಇಡುವ ಹೊಸ ಮಡಿಕೆ ಕಂಡು ಒಬ್ಬೊಬ್ಬರಾಗಿ ಸುಮ್ಮನಾದರು. ಕೆಲವರು ಮಾತ್ರ ಇನ್ನೂ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತಿದ್ದರು. "ಎಂಥಾ ಸಾಮಾನು ಹೂಡ್ಯಾನ ನೋಡಲೇ."

ಅಯ್ಯಣ್ಣ ಎಲ್ಲರಿಗಿಂತ ಹಿಂದೆ ಬಂದ. ಬರಿಗೈಯಲ್ಲಿ ಬಂದಿದ್ದ. ಮುಖ ಕೆಂಪಗಾಗಿತ್ತು. ಅಕ್ಕನ ಕಡೆ ನೋಡದೆ ನೇರವಾಗಿ ಪಡಸಾಲೆಗೆ ಹೊಕ್ಕ.

"ನಾಚಿಕಿ ಐತೇನ ನಿನಗ?" ಗೋಡೆಗೊರಗಿದವನಿಗೆ ಕೇಳಿದ. "ಮುಪ್ಪಾದೆಲ್ಲೋ. ಇನ್ನೂ ಇದ ಆಟ? ಅಕ್ಕನ ಕಡಿಂದ ಸುಳ್ಳ ಅಳು ಅಳಸ್ತಿ? ತೆಗಿ ಕಣ್ಣ!"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು.

"ತೆಗಿ ಅಂತೀನಿ!"

ಎಲ್ಲಿಂದಲೋ ಒಂದು ನೊಣ ಬಂತು. ಮರಿಲಿಂಗಪ್ಪನ ಮೀಸೆಯ ಮೇಲೆ ಕೂತಿತು. ಅಯ್ಯಣ್ಣನ ಬಾಯಿ ಅರ್ಧದಲ್ಲೇ ನಿಂತಿತು. ನೊಣ ಮೀಸೆಯಿಂದ ಇಳಿದು ತುಟಿಗೆ ಬಂತು. ತುಟಿಯ ಉದ್ದಕ್ಕೂ ನಡೆಯಿತು. ನಿಂತಿತು. ಹಿಂದಿನ ಕಾಲುಗಳನ್ನು ಉಜ್ಜಿಕೊಂಡಿತು. ಅಯ್ಯಣ್ಣ ಬಗ್ಗಿ, ತುಟಿಗೆ ಮುಖ ಹತ್ತಿರ ತಂದು, ಕಾದ. ಇಡೀ ಅಂಗಳ ಕಾಯಿತು. ಮಲ್ಲಿಕಮ್ಮ ಕೂಡ, ಎಲ್ಲ ಗೊತ್ತಿದ್ದವಳು, ಉಸಿರು ಬಿಗಿಹಿಡಿದು ಕಾದಳು.

ನೊಣ ಹಾಗೇ ಹರಿದು ಮೂಗಿನ ಹೊಳ್ಳೆಯ ಹತ್ತಿರ ಹೋಯಿತು.

"ಊದೋ ಮಾವ," ಅಂದ ಅಯ್ಯಣ್ಣ. ಈಗ ದನಿ ಬೇರೆಯಾಗಿತ್ತು. "ಊದು. ನಾ ಬೈಯಂಗಿಲ್ಲ. ಊದೋ."

ಆಮೇಲೆ ತಾನೇ ಊದಿದ. ನೊಣ ಹಾರಿತು. ಅವನು ಅಲ್ಲೇ ಮೊಣಕಾಲೂರಿ ಕೂತ.

ಕೂತಲ್ಲಿಂದಲೇ ಅಕ್ಕನ ಕಡೆ ತಿರುಗಿದ. "ಬಟ್ಟಿ ತರಲಿಲ್ಲ ಅಕ್ಕ. ನಾ ಬೈಯಾಕಂತ ಬಂದೆ."

ಮಲ್ಲಿಕಮ್ಮ ಅವನ ತಲೆಯ ಕಡೆ ನೋಡಿದಳು. ಅವನಿಗೂ ತಿಳಿಯಿತು. ತಲೆಗೆ ಸುತ್ತಿದ್ದ ಬಿಳಿಯ ರುಮಾಲು ಬಿಚ್ಚಿದ. ಅದು ಬಿಚ್ಚುತ್ತಾ ಬಿಚ್ಚುತ್ತಾ ಪಡಸಾಲೆಯ ತುಂಬ ಆಯಿತು; ಮೀನಿನ ವಾಸನೆ, ಕೆರೆಯ ನೀರಿನ ಕಲೆ. ಎರಡು ಪದರ ಮಾಡಿ ಮಾವನ ಹೆಗಲಿನಿಂದ ಪಾದದವರೆಗೆ ಹೊದಿಸಿ, ಚಳಿಗೆ ಹೊದಿಸುವಂತೆ ಅಂಚು ಒತ್ತಿದ.

"ಈಗ ಎತ್ರಿ," ಅಂದಳು ಮಲ್ಲಿಕಮ್ಮ.

ಮುಂದಿನ ಹೆಗಲು ಅಯ್ಯಣ್ಣ ಕೊಟ್ಟ. ಭಾಗಣ್ಣ ಹಲಗೆ ಬಡಿದ. ಎಷ್ಟು ನಿಧಾನಕ್ಕೆ ಬಡಿದರೂ ಕೈಗೆ ಡೇರೆಯ ಲಯವೇ ಬರುತ್ತಿತ್ತು. ಹಳ್ಳದ ದಂಡೆಯ ಹೊಲದಲ್ಲಿ ಕುಣಿ ತೋಡಿದ್ದರು. ಕೂತವನನ್ನು ಕೂತಂತೆಯೇ ಇಳಿಸಿದರು. ಬಂದವರೆಲ್ಲ ಮುಷ್ಟಿ ಮುಷ್ಟಿ ಮಣ್ಣು ಕೊಟ್ಟರು. 'ರಕ್ತ ಕುಡಿಯೋ ಬಾವಿ'ಗೆ ಬೈದವರೂ ಕೊಟ್ಟರು, 'ಹುಣಸೀಮರದ ಹೆಣ್ಣಿ'ಗೆ ಬೈದವರೂ ಕೊಟ್ಟರು. ಮಣ್ಣು ಗುಡ್ಡೆಯಾಯಿತು. ನೀರು ಚಿಮುಕಿಸಿದರು. ತಲೆಯ ಕಡೆ ಒಂದು ಕಲ್ಲು ನೆಟ್ಟರು.

ಮುಗಿಯಿತು. ಹಿಂದೆ ತಿರುಗಿ ನೋಡದೆ ಮನೆಗೆ ನಡೆಯಬೇಕು, ಅದು ಪದ್ಧತಿ. ದೇವಕಮ್ಮ ರಟ್ಟೆ ಹಿಡಿದು ನಡೆಸುತ್ತಿದ್ದರೂ, ಬದುವಿನ ಹತ್ತಿರ ಮಲ್ಲಿಕಮ್ಮ ನಿಂತು ತಿರುಗಿದಳು. ಹಿಂದೆ ಯಾರ ಹೆಜ್ಜೆಯ ಸಪ್ಪಳವೂ ಕೇಳಿರಲಿಲ್ಲ.

ಜನ ಎದ್ದಿರಲಿಲ್ಲ. ತಂದ ಗೋಣಿತಟ್ಟುಗಳನ್ನು ಹೊಲದಲ್ಲೇ ಹಾಸಿ, ಸಾಲುಸಾಲಾಗಿ, ಹಸಿ ಮಣ್ಣಿನ ಕಡೆ ಮುಖ ಮಾಡಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಬರಿತಲೆಯ ಅಯ್ಯಣ್ಣ. ಅವನ ಪಕ್ಕದವನು ಏಳಲು ಹೋದಾಗ ಅಯ್ಯಣ್ಣ ಅವನ ಧೋತರದ ಅಂಚು ಹಿಡಿದು, ಮೆಲ್ಲಗೆ ಜಗ್ಗಿ, ಮತ್ತೆ ಕೂರಿಸಿಕೊಂಡ.